ಮೆಲ್ಟನ್ ಎಂಬುದೊಂದು ಊರು

ಗ್ಲೆನ್ ಕರ್ಕಡ ತನ್ನ ಜೀವಮಾನದಲ್ಲಿ ಹಟ ಹಿಡಿದದ್ದು ಒಂದೇ ಸಲ, ಅದೂ ಒಂದು ಹೆಸರಿಗಾಗಿ. ಆ ಹಟದಲ್ಲಿ ಅವನು ಸೋತ. ಸೋತೆ ಎಂದು ಹೆತ್ತ ತಾಯಿಗೆ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಕಥೆ ಇಷ್ಟೇ. ಆದರೆ ಇಷ್ಟೇ ಎಂದು ಹೇಳಿ ಬಾಯಿ ಮುಚ್ಚಿ ಕೂರುವ ಪೈಕಿ ನಾನಲ್ಲ.

ನನ್ನ ಹೆಸರು ಜೆಸ್ಸಿ, ಹುಟ್ಟಿದ್ದು ಉಡುಪಿಯಲ್ಲಿ. ಎಪ್ಪತ್ತೊಂದರಲ್ಲಿ ನರ್ಸ್ ಆಗಿ ಜರ್ಮನಿಗೆ ಬಂದೆ. ಹ್ಯಾನೋವರಿನ ಹತ್ತಿರದ ಒಂದು ಸಣ್ಣ ಊರಿನ ವೃದ್ಧಾಶ್ರಮದಲ್ಲಿ ಜರ್ಮನ್ ಮುದುಕರ ಮೈ ಒರೆಸುತ್ತ ಇಲ್ಲಿಯೇ ಉಳಿದುಬಿಟ್ಟೆ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಪುರುಸೊತ್ತಾಗಲಿಲ್ಲ ಎಂದು ಹೇಳಿದ್ದೇನೆ. ಎರಡು ಸಾವಿರದ ಇಸವಿ ಕಳೆದ ಮೇಲೆ ಗ್ರೀನ್ ಕಾರ್ಡ್ ಎಂಬ ಇಲ್ಲಿಯ ಐದು ವರ್ಷದ ಪರವಾನಗಿ ಹಿಡಿದು ಕಂಪ್ಯೂಟರ್ ಹುಡುಗರು ಬರತೊಡಗಿದರು ನೋಡಿ, ಅಂದಿನಿಂದ ನನ್ನ ಭಾನುವಾರ ನನ್ನದಾಗಿ ಉಳಿಯಲಿಲ್ಲ. ಬಂಗುಡೆ ಸಾರು ಮಾಡಿದ್ದೇನೆ ಎಂದು ಒಬ್ಬನಿಗೆ ಹೇಳಿದರೆ ಮನೆ ತುಂಬ ಜನ. ಬೈಯುತ್ತಲೇ ಬಡಿಸುತ್ತಿದ್ದೆ.

ಗ್ಲೆನ್ ಬಂದದ್ದು ಹಾಗೆ ಒಂದು ಭಾನುವಾರ, ಹೆಂಡತಿ ಶ್ಯಾರನ್ ಜೊತೆ. ಅವನೂ ನಮ್ಮ ಉಡುಪಿಯವನೇ, ನಮ್ಮದೇ ಚರ್ಚಿನ ಸಭೆಯ ಟೈಲರ್ ಕರ್ಕಡರ ಕಿರಿಯ ಮಗ. ಅವಳು ಮಂಗಳೂರಿನ ಹುಡುಗಿ, ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಚಂದ ಹಾಡುತ್ತಿದ್ದವಳು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡಲು ಅನುಮತಿ ಇರಲಿಲ್ಲ. ದಿನವಿಡೀ ಮೂರನೇ ಮಹಡಿಯ ಮನೆಯಲ್ಲಿ ಕೂತು ಕಿಟಕಿ ನೋಡುತ್ತಿದ್ದಳು. ನಾನೇ ಎಳೆದುಕೊಂಡು ಹೋಗಿ ಇಲ್ಲಿಯ ಚರ್ಚಿನ ಗಾಯನ ತಂಡಕ್ಕೆ ಸೇರಿಸಿದೆ.

ಗ್ಲೆನ್ನಿನ ಬಾಯಲ್ಲಿ ‘ಆಗ್ಲಿ’ ಬಿಟ್ಟರೆ ಬೇರೆ ಮಾತಿಲ್ಲ. ಇನ್ನೊಂದು ತುಂಡು ಮೀನು ಹಾಕಲಾ ಎಂದರೆ ಆಗ್ಲಿ, ಮೀನು ಮುಗಿಯಿತು ಎಂದರೂ ಆಗ್ಲಿ. ಮನೆ ಮಾಲೀಕ ಸೈಕಲ್ ಇಲ್ಲಿ ಇಡಬೇಡ ಎಂದರೆ ಆಗ್ಲಿ. ಕ್ಷೌರದವಳು ತಲೆಯನ್ನು ಒಂದು ಕಡೆ ಕುರಿ ಮೇದ ಹಾಗೆ ಕತ್ತರಿಸಿ ಕಳಿಸಿದರೂ ಅವಳಿಗೆ ಥ್ಯಾಂಕ್ಸ್ ಹೇಳಿ ಬಂದಿದ್ದ. “ಸ್ವಲ್ಪ ಬಾಯಿ ಮಾಡ್ಲಿಕ್ಕೆ ಕಲಿ ಮಾರಾಯ, ದೇವರು ಬಾಯಿ ಕೊಟ್ಟದ್ದು ಗಂಜಿ ಕುಡಿಲಿಕ್ಕೆ ಮಾತ್ರ ಅಲ್ಲ” ಎಂದು ನಾನು ಗದರಿದರೆ ಅದಕ್ಕೂ “ಆಗ್ಲಿ ಆಂಟಿ.”

ಒಂದು ದಿನ ಊಟದ ನಡುವೆ ಮೈಸೂರಿನ ಹುಡುಗ ಸುಹಾಸ್ ತಮಾಷೆ ತೆಗೆದ. “ಏನ್ ಗುರು ಇದು, ನಿಮ್ಮ ಕಡೆ ಕ್ರಿಶ್ಚಿಯನ್ಸ್ ಎಲ್ಲಾ ಟನ್ ಟನ್ ಅಂತಾನೇ ಹೆಸ್ರು ಇಡ್ತೀರಲ್ಲ? ಕ್ಲಿಫ್ಟನ್, ರಾಯ್‌ಸ್ಟನ್, ಪ್ರೆಸ್ಟನ್! ಹೆಸ್ರಾ ಇಲ್ಲ ಅಕ್ಕಿ ಲೋಡಾ?”

“ಸುಹಾಸ್ ಅಂದ್ರೆ ಚಂದದ ನಗು ಅಂತೆ. ಹಾಗಂತ ನೀನು ಹಲ್ಲು ಕಿರಿದೇ ಕೂರ್ಬೇಕಾ?” ಎಂದು ನಾನು ಸೌಟು ತೋರಿಸಿದೆ. ಆದರೆ ಅವನು ಹೇಳಿದ್ದು ನಿಜವೇ. ಅವೆಲ್ಲ ಇಂಗ್ಲೆಂಡಿನ ಊರುಗಳ ಹೆಸರು. ಬಿಸ್ಕತ್ತಿನ ಡಬ್ಬದಲ್ಲೋ ಪಾದ್ರಿಗಳ ಪೆಟ್ಟಿಗೆಯ ಮೇಲೋ ಕಂಡದ್ದು, ಕಿವಿಗೆ ಚಂದ ಕೇಳಿಸಿತು, ನಮ್ಮವರು ಮಕ್ಕಳಿಗೆ ಇಟ್ಟರು. ಅವು ಊರುಗಳೆಂದು ಯಾರಿಗೆ ಗೊತ್ತಿತ್ತು! ನಾನು ರಜೆಗೆ ಹೋದಾಗ ನೋಡಿದ್ದೇನೆ, ಇಂಗ್ಲೆಂಡಿನ ಅರ್ಧ ಭೂಪಟವೇ ನಮ್ಮ ಸಂಡೇ ಸ್ಕೂಲಿನಲ್ಲಿ ಎದ್ದು ನಿಂತು ಹಾಜರಿ ಹೇಳುತ್ತಿತ್ತು.

“ನಿಮ್ಮನೇಲೂ ಯಾರಾದ್ರೂ ಟನ್ ಇದಾರಾ ಗ್ಲೆನ್?” ಸುಹಾಸ್ ಕೇಳಿದ.

ಗ್ಲೆನ್ನಿನ ಕೈ ತಟ್ಟೆಯಲ್ಲೇ ನಿಂತಿತು. “ಇದ್ದ. ನನ್ನ ಅಣ್ಣ. ಮೆಲ್ಟನ್.”

ಇದ್ದ ಎಂದ ಮೇಲೆ ಯಾರೂ ನಗಲಿಲ್ಲ. ಊಟವಾದ ಮೇಲೆ ಉಳಿದವರು ಟಿವಿ ಮುಂದೆ ಕೂತರು, ಗ್ಲೆನ್ ಪಾತ್ರೆ ತೊಳೆಯಲು ನನ್ನ ಜೊತೆ ನಿಂತ. ಆವತ್ತು ಅವನು ಆಡಿದಷ್ಟು ಮಾತನ್ನು ನಾನು ಮತ್ತೆಂದೂ ಅವನ ಬಾಯಿಂದ ಕೇಳಲಿಲ್ಲ.

ಅರವತ್ತರ ದಶಕದಲ್ಲಿ ಒಬ್ಬ ಜರ್ಮನ್ ಪಾದ್ರಿ ಉಡುಪಿಯಿಂದ ತಮ್ಮ ಊರಿಗೆ ಮರಳುವಾಗ, ಅಲ್ಲಿಯ ಚಳಿಗೆಂದು ದಪ್ಪ ಉಣ್ಣೆಯ ಬಟ್ಟೆ ಕೊಟ್ಟು ಅವನ ಅಪ್ಪನಿಂದ ಓವರ್‌ಕೋಟ್ ಹೊಲಿಸಿಕೊಂಡರಂತೆ. ಬೆವರು ಸುರಿಯುವ ಉಡುಪಿಯಲ್ಲಿ ಓವರ್‌ಕೋಟ್! ಆ ಬಟ್ಟೆಯ ಅಂಚಿನಲ್ಲಿ ಹಳದಿ ನೂಲಿನಿಂದ ಒಂದು ಇಂಗ್ಲಿಷ್ ಪದ ನೇಯ್ದಿತ್ತು. ಅದೇನೆಂದು ಅಪ್ಪ ಕೇಳಿದಾಗ, “ಮೆಲ್ಟನ್. ಒಳ್ಳೆಯ ಬಟ್ಟೆ. ಎಂಥ ಗಾಳಿಯನ್ನೂ ಒಳಗೆ ಬಿಡುವುದಿಲ್ಲ” ಎಂದರಂತೆ ಪಾದ್ರಿ. ಅಮ್ಮ ಪ್ರೇಮಕುಮಾರಿ ಆಗ ತುಂಬಿದ ಬಸುರಿ. ಹುಟ್ಟಿದ್ದು ಗಂಡು. ಮನೆಯೊಳಗೆ ಕೆಟ್ಟ ಗಾಳಿ ಬಿಡದಿರಲಿ ಎಂದು ಅಪ್ಪ ಅದೇ ಹೆಸರಿಟ್ಟರು. ಕತ್ತರಿಸಿ ಉಳಿದ ಅಂಚನ್ನು, ಆ ಹಳದಿ ಅಕ್ಷರ ಇದ್ದ ಪಟ್ಟಿಯನ್ನು, ಅಮ್ಮ ಬೈಬಲಿನ ಹಾಳೆಗಳ ನಡುವೆ ಗುರುತಿಗೆ ಇಟ್ಟುಕೊಂಡರು. ಅಪ್ಪನ ಬಾಯಲ್ಲಿ ಅವನು ಮೆಲ್ಟನ್, ತುಳು ಮಾತಾಡುವ ನೆರೆಯವರ ಬಾಯಲ್ಲಿ ಮೆಲ್ಟು, ಗ್ಲೆನ್ನಿಗೆ ಮೆಲ್ಟಣ್ಣ.

ಅವನು ಹೆಸರಿಗೆ ತಕ್ಕವನೇ ಆದ. ಅಪ್ಪ ಹೊಲಿಗೆ ಮೆಷಿನ್ನಿನ ಮೇಲೆಯೇ ತಲೆಯಿಟ್ಟು ತೀರಿಕೊಂಡಾಗ, ಶಾಲೆ ಬಿಟ್ಟು ಅದೇ ಮೆಷಿನ್ನಿಗೆ ಕೂತ. ತಮ್ಮನ ಸಮವಸ್ತ್ರ ಹೊಲಿದ, ತಮ್ಮನನ್ನು ಸುರತ್ಕಲ್ಲಿಗೆ ಇಂಜಿನಿಯರಿಂಗ್ ಓದಲು ಕಳಿಸಿದ, ತಾನು ದುಬೈಗೆ ಹೋದ. ಅಲ್ಲಿ ಹೊಲಿಗೆಯ ಕೆಲಸ ನಿಂತುಹೋದಾಗ ಊರಿಗೆ ಬರುವ ಬದಲು ಒಂದು ಸರಕು ಹಡಗಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದ. ಒಂದು ಬಿರುಗಾಳಿಗೆ ಆ ಹಡಗು ಮಗುಚಿತು. ಹೆಣ ಸಿಗಲಿಲ್ಲ.

“ಸಮಾಧಿ ಇಲ್ಲ ಆಂಟಿ. ಹೆಣ ಇಲ್ಲದೆ ಕಲ್ಲು ನೆಡುವ ಕ್ರಮ ನಮ್ಮಲ್ಲಿ ಇಲ್ಲ ಅಲ್ವಾ” ಎಂದ ಗ್ಲೆನ್, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತ. “ಅಮ್ಮ ಒಂದೇ ಮಾತು ಹೇಳುದು. ಈ ಮನೆಯಲ್ಲಿ ಇನ್ನು ಹುಟ್ಟುವ ಗಂಡುಮಗುವಿಗೆ ಅವನ ಹೆಸರು, ಬೇರೆ ಎಂತದೂ ಬೇಡ ನಂಗೆ ಅಂತ. ನಾನು ಆಗ್ಲಿ ಅಂತ ಹೇಳಿದ್ದೇನೆ.”

ಆ ಒಂದು ‘ಆಗ್ಲಿ’ಯನ್ನು ಅವನು ಎಲ್ಲರಿಗೂ ಹೇಳುವ ಹಾಗೆ ಹೇಳಿರಲಿಲ್ಲ. ಅಂತಹ ಅಣ್ಣ ನನಗಿದ್ದರೆ ನಾನೂ ಹಾಗೆ ಸುಮ್ಮನೆ ಹೇಳುತ್ತಿರಲಿಲ್ಲ.

ಮುಂದಿನ ವರ್ಷ ಶ್ಯಾರನ್ ಬಸುರಾದಳು. ಸ್ಕ್ಯಾನಿಂಗಿನಲ್ಲಿ ಗಂಡು ಎಂದು ಗೊತ್ತಾಯಿತು, ಇಲ್ಲಿ ಹೇಳುತ್ತಾರಲ್ಲ. ಉಡುಪಿಯಿಂದ ಗ್ಲೆನ್ನಿನ ಅಮ್ಮ ಪ್ರೇಮಕ್ಕ ಫೋನಿನಲ್ಲಿ, “ಹೆಸರು ಯಾರ ಹತ್ರವೂ ಹೇಳ್ಬೇಡಿ, ದೀಕ್ಷಾಸ್ನಾನದ ದಿವಸ ಚರ್ಚಿನ ಅಯ್ಯನವರ ಬಾಯಿಂದಲೇ ಮೊದಲು ಬರ್ಬೇಕು” ಎಂದು ತಾಕೀತು ಮಾಡಿದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು, ಹೌದು, ನಮ್ಮಲ್ಲಿ ಎಲ್ಲರೂ ಹಾಗೆಯೇ. ಒಂದು ದಿನ ನಾನು ಮರೆತು ಶ್ಯಾರನ್ನಿನ ಹೊಟ್ಟೆ ಮುಟ್ಟಿ “ಎಂತ ಮಾಡ್ತಾನೆ ನಮ್ಮ ಸಣ್ಣ ಮೆಲ್ಟು?” ಎಂದುಬಿಟ್ಟೆ. ಅವಳು ನಗಲಿಲ್ಲ. ನನ್ನ ಕೈಯನ್ನು ಮೆಲ್ಲ ಸರಿಸಿ, “ಚಾ ಮಾಡ್ತೇನೆ” ಎಂದು ಎದ್ದು ಹೋದಳು. ಹೆಸರು ಹೇಳಿದ್ದಕ್ಕೆ ಹೆದರಿದಳು ಎಂದುಕೊಂಡು ನಾನು ಸುಮ್ಮನಾದೆ.

ಮಗು ದಿನ ತುಂಬುವ ಮುಂಚೆಯೇ, ಡಿಸೆಂಬರಿನ ಒಂದು ಹಿಮದ ಬೆಳಿಗ್ಗೆ ಹುಟ್ಟಿತು. ನನ್ನ ಅಂಗೈಯಲ್ಲಿ ಹಿಡಿಸುವಷ್ಟು ಜೀವ. ಗಾಜಿನ ಪೆಟ್ಟಿಗೆಯೊಳಗೆ, ಮೈತುಂಬ ನಳಿಗೆ. ಕಾಲಿಗೆ ಕಟ್ಟಿದ ಪಟ್ಟಿಯಲ್ಲಿ ‘ಕರ್ಕಡ, ಗಂಡುಮಗು’ ಎಂದು ಮಾತ್ರ ಬರೆದಿತ್ತು. ಆಸ್ಪತ್ರೆಯವರು ಹೆಸರೇನು ಎಂದು ದಿನಾ ಕೇಳಿದರು. ಗ್ಲೆನ್, “ಭಾನುವಾರ ಹೇಳ್ತೇವೆ” ಎಂದ. ಆಸ್ಪತ್ರೆಯ ಪಾಸ್ಟರ್ ಬಂದು, ಬೇಕಾದರೆ ಈಗಲೇ ದೀಕ್ಷಾಸ್ನಾನ ಮಾಡಿಸಬಹುದು ಎಂದು ಮೃದುವಾಗಿ ಹೇಳಿದರು. ಉಳಿಯುವ ಭರವಸೆ ಇಲ್ಲದ ಕೂಸಿಗೇ ಹಾಗೆ ಅವಸರದಲ್ಲಿ ಮಾಡಿಸುವುದು, ಅದು ನನಗೆ ಗೊತ್ತಿತ್ತು. ಗ್ಲೆನ್ನಿಗೂ ಗೊತ್ತಿತ್ತು, ಅದಕ್ಕೇ ಅವನು ಬೇಡವೆಂದ. “ಮಗು ಹುಷಾರಾಗ್ತದೆ. ಭಾನುವಾರ ಮಾಡುವ. ಅಮ್ಮನೂ ಫೋನಿನಲ್ಲಿ ಕೇಳ್ತಾರೆ.”

ಭಾನುವಾರದವರೆಗೆ ಮಗು ಕಾಯಲಿಲ್ಲ.

ನಾನು ಎಷ್ಟೋ ಸಾವು ನೋಡಿದವಳು, ನನ್ನ ಕೆಲಸವೇ ಅದು. ತೊಂಬತ್ತು ದಾಟಿದವರ ಕಣ್ಣು ಮುಚ್ಚಿ ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದ್ದೇನೆ. ಆವತ್ತು ಮಾತ್ರ ಆಸ್ಪತ್ರೆಯ ಬಸ್ ಸ್ಟಾಪಿನಲ್ಲಿ ಕೂತು ಜನ ನೋಡುವ ಹಾಗೆ ಗಟ್ಟಿಯಾಗಿ ಅತ್ತೆ. ದೇವರೇ, ಕೊಡುವುದೂ ಬೇಡ, ಕಸಿಯುವುದೂ ಬೇಡ ಎಂದು ಹೇಳಿದೆ. ಇವತ್ತಿಗೂ ಆ ಮಾತನ್ನು ಹಿಂದೆ ತೆಗೆದುಕೊಂಡಿಲ್ಲ.

ಹುಟ್ಟನ್ನೂ ಸಾವನ್ನೂ ಒಟ್ಟಿಗೆ ಬರೆಸಲು ಗ್ಲೆನ್ ಸ್ಟಾಂಡೆಸ್‌ಆಮ್ಟಿಗೆ, ಅಂದರೆ ನಮ್ಮ ಊರಿನ ಜನನ ಮರಣದ ಕಚೇರಿಗೆ ಹೋಗಬೇಕಾಯಿತು. ಅವನ ಜರ್ಮನ್ ಅಷ್ಟಕ್ಕಷ್ಟೇ, ಹಾಗಾಗಿ ಜೊತೆಗೆ ನಾನು. ಮೇಜಿನ ಹಿಂದೆ ನನ್ನದೇ ವಯಸ್ಸಿನ ಹೆಂಗಸು. ಗ್ಲೆನ್ ಹೆಸರು ಹೇಳಿದ. ಆಕೆ “ಮೆಲ್‌ಟೋನ್?” ಎಂದು ಎಳೆದು ಕೇಳಿದರು. ಅವನು ತಿದ್ದಿದ. ಆಕೆ ಒಂದು ದಪ್ಪ ಪುಸ್ತಕ ತಿರುವಿ ಹಾಕಿದರು, ಇನ್ನೊಂದನ್ನು ತಂದರು.

“ಇದು ಇಂಗ್ಲೆಂಡಿನಲ್ಲಿ ಒಂದು ಊರಿನ ಹೆಸರು. ನಡುವಿನ ಊರು ಎಂದು ಅರ್ಥವಂತೆ. ಆ ಊರಿನಿಂದಾಗಿ ಒಂದು ಉಣ್ಣೆ ಬಟ್ಟೆಗೂ ಇದೇ ಹೆಸರು. ಮನುಷ್ಯರ ಹೆಸರಾಗಿ ಎಲ್ಲಿಯೂ ಸಿಗುತ್ತಿಲ್ಲ. ಊರಿನ ಹೆಸರನ್ನು ಮಗುವಿಗೆ ನಾನು ಹಾಗೆಯೇ ಬರೆಯುವಂತಿಲ್ಲ” ಎಂದರು ಆಕೆ.

“ಅದು ನನ್ನ ಅಣ್ಣನ ಹೆಸರು” ಎಂದ ಗ್ಲೆನ್. ಅವನ ದನಿ ಏರಿತು. ಅವನಿಗೆ ಏರಿಸಲು ಒಂದು ದನಿ ಇದೆ ಎಂದು ನನಗೆ ಆವತ್ತೇ ಗೊತ್ತಾದದ್ದು. “ಅವನು ಊರಲ್ಲ. ಬಟ್ಟೆಯೂ ಅಲ್ಲ. ಮನುಷ್ಯ. ನನ್ನನ್ನು ಸಾಕಿದ ಮನುಷ್ಯ.”

ನಾನು ಅದನ್ನು ಜರ್ಮನ್ ಭಾಷೆಗೆ ತಿರುಗಿಸಿ ಹೇಳಿದೆ. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು, ಸುಳ್ಳು ಯಾಕೆ ಹೇಳಲಿ. ನೀವು ಭಾರತದವರು, ನಿಮ್ಮ ದೇಶದಲ್ಲಿ ಇದು ಗಂಡಸಿನ ಹೆಸರು ಎಂದು ದೂತಾವಾಸದಿಂದ ಒಂದು ಕಾಗದ ತನ್ನಿ, ಖಂಡಿತ ಬರೆಯುತ್ತೇನೆ, ಎಂದರು. ಆದರೆ ಕ್ರಿಸ್‌ಮಸ್ ಬಾಗಿಲಿಗೆ ಬಂದಿತ್ತು. ಕಾಗದ ಬರುವುದು ಹೊಸ ವರ್ಷದ ನಂತರವೇ. ಅಲ್ಲಿಯ ತನಕ ಹೆಸರಿನ ಜಾಗ ಖಾಲಿ ಬಿಡೋಣ, ನೀವು ಮಗುವಿನ ಮಣ್ಣು ಮುಗಿಸಿಕೊಳ್ಳಿ ಎಂದೂ ಹೇಳಿದರು. “ಇಲ್ಲ” ಎಂದ ಗ್ಲೆನ್. ಕಾಗದ ಬರಲಿ, ಹೆಸರು ಬರೆಯಲಿ, ಆಮೇಲೆ ಮಣ್ಣು. ಅಲ್ಲಿಯ ತನಕ ಕಾಯುವುದೇ. ಜನ್ಮದಲ್ಲಿ ಇಲ್ಲ ಎನ್ನದವನ ಬಾಯಲ್ಲಿ ‘ಇಲ್ಲ’ ಬಂದದ್ದು ಆಗ.

ಶ್ಯಾರನ್ ಆಸ್ಪತ್ರೆಯಿಂದ ನನ್ನ ಮನೆಗೇ ಬಂದಿದ್ದಳು. ಅಡುಗೆಮನೆಯ ಮೇಜಿನ ಮುಂದೆ, ನನ್ನ ಹಳೆಯ ಸ್ವೆಟರ್ ಹಾಕಿಕೊಂಡು, ಕುದಿಸಿದ ಗಂಜಿ ಮುಟ್ಟದೆ ಕೂತಿದ್ದಳು. ಎದೆಯಲ್ಲಿ ಹಾಲು ಬಂದು ಸ್ವೆಟರ್ ಒದ್ದೆಯಾಗಿತ್ತು. ಗ್ಲೆನ್ ಕಚೇರಿಯಲ್ಲಿ ಆದದ್ದೆಲ್ಲ ಹೇಳಿದ.

“ಕಾಯುದಾ?” ಎಂದಳು ಅವಳು. “ಅಷ್ಟು ದಿವಸ ಅವ ಆ ಫ್ರಿಜ್ಜಲ್ಲಿ ಇರ್ಬೇಕಾ?”

“ಇಲ್ಲದಿದ್ರೆ ಹೆಸರಿಲ್ಲದೆ ಮಣ್ಣು ಮಾಡ್ಬೇಕಾಗ್ತದೆ ಶ್ಯಾರನ್.”

“ಹೆಸರಿಲ್ಲದೆ ಹೂಳ್ಲಿಕ್ಕೆ ಅವನೆಂತ ಬೆಕ್ಕಿನ ಮರಿಯಾ?”

“ಅದಕ್ಕೇ ಹೇಳಿದ್ದು ಕಾಯುವ ಅಂತ. ಮೆಲ್ಟಣ್ಣನಿಗೆ ಒಂದು ಕಲ್ಲೂ ಇಲ್ಲ. ಈ ಭೂಮಿ ಮೇಲೆ ಎಲ್ಲಿಯೂ ಅವನ ಹೆಸರು ಬರೆದಿಲ್ಲ. ಅಮ್ಮನಿಗೆ ನಾನು ಮಾತು ಕೊಟ್ಟಿದ್ದೇನೆ.”

ಶ್ಯಾರನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. “ಗ್ಲೆನ್, ನಿನ್ನ ಅಣ್ಣನ ಮೇಲೆ ನಂಗೆ ಎಂತ ಕೋಪವೂ ಇಲ್ಲ. ಅವರಿಲ್ಲದಿದ್ರೆ ನೀನೂ ಇಲ್ಲ, ಗೊತ್ತುಂಟು. ಆದ್ರೆ ಸಮುದ್ರಕ್ಕೆ ಹೋದವರ ಹೆಸರನ್ನು ನನ್ನ ಹೊಟ್ಟೆ ಮೇಲೆ ಇಟ್ಟ ದಿವಸದಿಂದ ನಾನು ಹೆದರಿಕೊಂಡೇ ಇದ್ದದ್ದು. ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ನನ್ನ ಮಗ ಬದುಕಿದ್ದೇ ನಾಲ್ಕು ದಿವಸ. ಅದನ್ನು ಸಹ ನಿನ್ನ ಅಣ್ಣನಿಗೆ ಕೊಡ್ಬೇಕಾ?”

ನಾನು ತಣ್ಣಗಾದ ಗಂಜಿಯನ್ನು ಮತ್ತೆ ಬಿಸಿ ಮಾಡಿ ಅವಳ ಮುಂದೆ ಇಟ್ಟೆ. 

ಅವಳು ಗಂಜಿಯ ಬಟ್ಟಲನ್ನು ನೋಡುತ್ತಲೇ ಹೇಳಿದಳು: “ಅವನಿಗೆ ಹೆಸರು ಉಂಟು. ನೀನು ಅಮ್ಮನಿಗೆ ಫೋನ್ ಮಾಡ್ಲಿಕ್ಕೆ ಹೊರಗೆ ಹೋಗಿದ್ದಾಗ, ಆ ಪೆಟ್ಟಿಗೆಯ ತೂತಲ್ಲಿ ಕೈ ಹಾಕಿ ನಾನು ಕರ್ದಿದ್ದೇನೆ. ಜೋಶುವಾ ಅಂತ. ಅವ ನನ್ನ ಬೆರಳು ಹಿಡ್ಕೊಂಡ. ಮತ್ತೆ ಮತ್ತೆ ಕರ್ದೆ, ಬಿಡ್ಲೇ ಇಲ್ಲ.”

 ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು. ಗ್ಲೆನ್ ಅವಳ ಪಕ್ಕದ ಕುರ್ಚಿ ಎಳೆದು ಕೂತು, ಒದ್ದೆಯಾದ ಸ್ವೆಟರಿನ ಮೇಲೆ ತನ್ನ ಕೋಟು ಹೊದೆಸಿ, “ಆಗ್ಲಿ” ಎಂದ.

ಮರುದಿನ ಆ ಕಚೇರಿಯ ಹೆಂಗಸು ಜೋಶುವಾ ಎಂದು ಕೇಳಿದ ಕೂಡಲೇ ಬರೆದುಕೊಂಡರು. ಯಾವ ಕಾಗದವೂ ಬೇಕಾಗಲಿಲ್ಲ. ಕ್ರಿಸ್‌ಮಸ್ಸಿನ ಮುಂಚೆಯೇ ಹೆಪ್ಪುಗಟ್ಟಿದ ಮಣ್ಣನ್ನು ಯಂತ್ರದಲ್ಲಿ ಅಗೆಸಿ ಬಿಳಿಯ ಸಣ್ಣ ಪೆಟ್ಟಿಗೆಯನ್ನು ಇಳಿಸಿದೆವು. ಪಾಸ್ಟರ್ ಹೆಸರು ಹಿಡಿದು ಪ್ರಾರ್ಥಿಸಿದರು. ಶ್ಯಾರನ್ ಹಾಡಲು ಬಾಯಿ ತೆರೆದಳು, ಆಗಲಿಲ್ಲ. ಸುಹಾಸ್ ಹಿಂದೆ ನಿಂತು ಮಕ್ಕಳ ಹಾಗೆ ಬಿಕ್ಕುತ್ತಿದ್ದ.

ಅಂದು ಸಂಜೆ ಗ್ಲೆನ್ ನನ್ನ ಮನೆಯ ಫೋನಿನಿಂದ ಉಡುಪಿಗೆ ಮಾತಾಡಿದ. ಪ್ರೇಮಕ್ಕನ ದನಿ ಆ ಹಳೆಯ ಫೋನಿನಲ್ಲಿ ನನಗೂ ಕೇಳಿಸುತ್ತಿತ್ತು.

“ಕಲ್ಲಲ್ಲಿ ಹೆಸರು ಬರೆಸ್ತಿಯಲ್ಲ ಮಗಾ?”

“ಹೂಂ ಅಮ್ಮ.”

“ಮೆಲ್ಟನ್ ಅಂತ?”

ಅವನು ಗೋಡೆಗೆ ಹಣೆ ಹಚ್ಚಿದ. “ಹೂಂ ಅಮ್ಮ. ಮೆಲ್ಟನ್ ಅಂತ. ಅದು ಇಂಗ್ಲೆಂಡಲ್ಲಿ ಒಂದು ಊರಂತೆ ಅಮ್ಮ. ನಡುವಿನ ಊರು ಅಂತ ಅರ್ಥ.”

 “ಹೌದಾ? ಅವ ಹೋದದ್ದೂ ನಡುವಲ್ಲೇ ಅಲ್ವಾ, ಅಲ್ಲಿಯೂ ಅಲ್ಲ ಇಲ್ಲಿಯೂ ಅಲ್ಲ” ಎಂದರು ಪ್ರೇಮಕ್ಕ. “ಈಗಾದ್ರೂ ಒಂದು ಕಡೆ ಮಣ್ಣು ಸಿಕ್ಕಿತಲ್ಲ ಆ ಹೆಸರಿಗೆ. ನೀನು ದೊಡ್ಡ ಕೆಲಸ ಮಾಡಿದ್ದಿ ಮಗಾ.”

ಗ್ಲೆನ್ ಫೋನ್ ಇಟ್ಟು ನನ್ನ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ನೀರಿನ ನಲ್ಲಿಯನ್ನು ತುಂಬ ಹೊತ್ತು ಬಿಟ್ಟಿದ್ದ.

ಒಂದೂವರೆ ವರ್ಷ ಕಳೆಯಿತು. ಶ್ಯಾರನ್ ಮತ್ತೆ ಹಾಡತೊಡಗಿದಳು. ಗ್ಲೆನ್ ಇನ್ನೂ ಮೌನಿಯಾದ. ಉಡುಪಿಯ ಫೋನ್ ಬಂದಾಗೆಲ್ಲ ಮುಖ ಕಪ್ಪಿಡುತ್ತಿತ್ತು, ಯಾಕೆಂದರೆ ಪ್ರೇಮಕ್ಕ ಪ್ರತಿಸಲವೂ “ಮೆಲ್ಟನ ಹತ್ರ ಹೋಗಿದ್ದಿಯಾ?” ಎಂದೇ ಕೇಳುತ್ತಿದ್ದರು. ಹೋಗಿದ್ದೆ ಎಂದು ಅವನು ಹೇಳಬೇಕಿತ್ತು. ಒಂದು ಸುಳ್ಳಿಗೆ ಪ್ರತಿ ವಾರ ಹೊಸ ಗಂಜಿ ಹಾಕಿ ಸಾಕಬೇಕು, ಅದರ ಸಂಕಟ ಸಾಕಿದವನಿಗೇ ಗೊತ್ತು. ಆಮೇಲೆ ಒಂದು ದಿನ ಪ್ರೇಮಕ್ಕ ತಾನೇ ಬರುತ್ತೇನೆ ಎಂದರು. ವಿಮಾನವನ್ನು ಆಕಾಶದಲ್ಲಿ ಮಾತ್ರ ನೋಡಿದ್ದ ಹೆಂಗಸು, ಮೊಮ್ಮಗನ ಕಲ್ಲು ನೋಡಬೇಕು ಎಂದು ಹೊರಟೇ ಬಿಟ್ಟರು.

ಅವರು ಬರುವ ಮುಂಚೆ ಗ್ಲೆನ್ ನನ್ನ ಬಳಿ ಬಂದು, ಚಪ್ಪಲಿಯನ್ನೂ ಬಿಚ್ಚದೆ ಬಾಗಿಲಲ್ಲೇ ನಿಂತು, “ಆಂಟಿ, ಅಮ್ಮನಿಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ” ಎಂದ. ಅಷ್ಟೇ. ನನಗೆ ಅರ್ಥವಾಯಿತು. ಶ್ಯಾರನ್ನಿಗೂ ಹೇಳಿದ್ದನಂತೆ. ಅವಳು, “ನಾನು ಬಾಯಿ ಬಿಡುದಿಲ್ಲ. ಅವರ ಮನಸ್ಸು ಯಾಕೆ ನೋಯಿಸುದು” ಎಂದಿದ್ದಳಂತೆ.

ಜೂನ್ ತಿಂಗಳ ಒಳ್ಳೆಯ ಬಿಸಿಲಿನ ದಿನ ನಾವು ನಾಲ್ವರೂ ಸ್ಮಶಾನಕ್ಕೆ ಹೋದೆವು. ಇಲ್ಲಿ ಸಮಾಧಿ ಎಂದರೆ ಸಣ್ಣ ಹೂತೋಟವೇ. ನಾನು ನೆಡಲೆಂದು ಬೆಗೋನಿಯಾ ಗಿಡಗಳನ್ನೂ ಕೈಗುದ್ದಲಿಯನ್ನೂ ಚೀಲದಲ್ಲಿ ಹಿಡಿದಿದ್ದೆ. ಬೂದು ಬಣ್ಣದ ಗಿಡ್ಡ ಕಲ್ಲಿನ ಮುಂದೆ ಪ್ರೇಮಕ್ಕ ನೆಲದಲ್ಲೇ ಕೂತರು. ಸೆರಗಿನಿಂದ ಕಲ್ಲು ಒರೆಸಿದರು. “ಓದು ಮಗಾ” ಎಂದರು.

ಕಲ್ಲಿನಲ್ಲಿ ಕೆತ್ತಿದ ಅಕ್ಷರಗಳ ಮೇಲೆ ಗ್ಲೆನ್ ಬೆರಳಿಟ್ಟು, ಒಂದೊಂದೇ ಅಕ್ಷರ ದಾಟಿಸುತ್ತ, “ಮೆಲ್ಟನ್ ಕರ್ಕಡ” ಎಂದು ಓದಿದ.  ಓದಿ ಮುಗಿಸಿದವನೇ, “ಗಿಡಕ್ಕೆ ನೀರು ತರ್ತೇವೆ” ಎಂದು ಶ್ಯಾರನ್ ಜೊತೆ ದೂರದ ನಲ್ಲಿಯ ಕಡೆಗೆ ಹೋದ. ಅಲ್ಲಿ ನಿಲ್ಲಲು ಅವನಿಂದ ಆಗಲಿಲ್ಲ.

ಪ್ರೇಮಕ್ಕ ಚೀಲದಿಂದ ಬೈಬಲ್ ತೆಗೆದರು. ಅದರ ನಡುವಿನಿಂದ ದಪ್ಪ ಕಪ್ಪು ಉಣ್ಣೆಯ ಒಂದು ಪಟ್ಟಿ. ಹಳದಿ ನೂಲು ಮಾಸಿತ್ತು, ಅಕ್ಷರ ಮಾಸಿರಲಿಲ್ಲ. ಇಂಗ್ಲಿಷ್ ಓದಲು ಬಾರದ ಆ ಹೆಂಗಸು ನಲವತ್ತು ವರ್ಷ ದಿನವೂ ಪ್ರಾರ್ಥನೆಯ ಹೊತ್ತಿಗೆ ನೋಡಿದ್ದು ಒಂದೇ ಇಂಗ್ಲಿಷ್ ಪದವನ್ನು. ಅದು ನಮ್ಮ ಯಾರ ತಲೆಗೂ ಹೋಗಿರಲಿಲ್ಲ. ಪ್ರೇಮಕ್ಕ ಪಟ್ಟಿಯನ್ನು ಕಲ್ಲಿನ ಹೆಸರಿನ ಕೆಳಗೆ ಹಿಡಿದರು. ಇದನ್ನು ನೋಡಿದರು, ಅದನ್ನು ನೋಡಿದರು. ಅಕ್ಷರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

“ಎಂತ ಬರ್ದದ್ದು ಜೆಸ್ಸಿ?”

ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು ಒಂದು ಸುಳ್ಳು ಹುಟ್ಟಲಿಲ್ಲ ನನಗೆ. “ಜೋಶುವಾ” ಎಂದೆ. “ಶ್ಯಾರನ್ ಇಟ್ಟದ್ದು. ಮಗು ಬದುಕಿದ್ದಾಗಲೇ ಹಾಗೆ ಕರ್ದಳಂತೆ ಪ್ರೇಮಕ್ಕ. ಅದು ಅವಳ ಬೆರಳು ಹಿಡ್ಕೊಂಡಿತಂತೆ.”

ಅವರು ಕಲ್ಲನ್ನೇ ನೋಡುತ್ತಿದ್ದರು. ಕಣ್ಣೀರು ಕೆನ್ನೆಯ ಸುಕ್ಕುಗಳಲ್ಲಿ ಇಳಿಯಿತು, ಒರೆಸಿಕೊಳ್ಳಲಿಲ್ಲ. “ಹೆತ್ತವಳು ಕರ್ದದ್ದೇ ಹೆಸರು” ಎಂದರು. “ಬದುಕಿದ್ದಾಗ ಯಾರಾದ್ರೂ ಒಬ್ಬರು ಹೆಸರು ಹಿಡ್ದು ಕರ್ದ್ರಲ್ಲ, ಸಾಕು. ನಾನು ಹೆಸರು ಅಂತ ಆ ಹುಡುಗಿಯ ತಲೆ ಮೇಲೆ ಹೊರೆ ಇಟ್ಟೆ ಜೆಸ್ಸಿ. ಮತ್ತೆ ಈ ನನ್ನ ಮಗ, ಇಷ್ಟು ದಿವಸ ಇದನ್ನು ಒಬ್ಬನೇ ಹೊತ್ತುಕೊಂಡು ತಿರುಗಿದ್ನಾ? ನನಗಾಗಿ?”

ನಲ್ಲಿಯ ಬಳಿ ಗ್ಲೆನ್ ಬೆನ್ನು ತಿರುಗಿಸಿ ನಿಂತಿದ್ದ. ನೀರಿನ ಡಬ್ಬ ತುಂಬಿ ಹೊರಗೆ ಹರಿಯುತ್ತಿತ್ತು, ಅವನು ನೋಡುತ್ತಿರಲಿಲ್ಲ.

“ಅದು ಕೊಡು ಇಲ್ಲಿ” ಎಂದು ಪ್ರೇಮಕ್ಕ ನನ್ನ ಕೈಗುದ್ದಲಿ ತೆಗೆದುಕೊಂಡರು. ಕಲ್ಲಿನ ಬಲಗಡೆಯ ಮೂಲೆಯಲ್ಲಿ ಮಣ್ಣು ತೋಡಿದರು. ಆ ಉಣ್ಣೆಯ ಪಟ್ಟಿಯನ್ನು ಒಮ್ಮೆ ತುಟಿಗೆ ಒತ್ತಿ, ಎರಡು ಮಡಿಕೆ ಮಾಡಿ ಒಳಗಿಟ್ಟರು. ಮಣ್ಣು ಮುಚ್ಚಿ ಅಂಗೈಯಿಂದ ತಟ್ಟಿದರು, ಮಗುವನ್ನು ತಟ್ಟಿ ಮಲಗಿಸುವ ಹಾಗೆ.

“ದೊಡ್ಡಪ್ಪನ ಹತ್ರ ಇರ್ಲಿ ಮಗು. ಇಲ್ಲಿ ಚಳಿ ಹೆಚ್ಚು ಅಲ್ವಾ. ಆ ಬಟ್ಟೆ ಗಾಳಿ ಬಿಡುದಿಲ್ಲ.”

ಅದರ ಮೇಲೆ ಒಂದು ಬೆಗೋನಿಯಾ ಗಿಡ ನೆಟ್ಟರು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು, “ನಂಗೆ ಗೊತ್ತಾಗಿದೆ ಅಂತ ಅವನಿಗೆ ಹೇಳ್ಬೇಡ. ಎಲ್ಲ ಕಡೆ ಸೋತ ಹುಡುಗ. ಅಮ್ಮನ ಆಸೆ ಒಂದು ನಡೆಸಿಕೊಟ್ಟೆ ಅಂತ ಅವನಿಗೆ ಇರ್ಲಿ. ಮಾತು ಕೊಡು” ಎಂದರು. ಕೊಟ್ಟೆ.

ಅವರಿಬ್ಬರೂ ನೀರು ತಂದರು. ಪ್ರೇಮಕ್ಕ ಎದ್ದು ಮೊದಲು ಸೊಸೆಯನ್ನು ತಬ್ಬಿಕೊಂಡು ಹಣೆಗೆ ಮುತ್ತು ಕೊಟ್ಟರು. ಮಗನ ಕಡೆ ತಿರುಗಿ, “ಮೆಲ್ಟನನ್ನು ಚಂದ ಮಲಗಿಸಿದ್ದಿ ಮಗಾ. ಇನ್ನು ನನಗೆ ಯಾವ ಚಿಂತೆಯೂ ಇಲ್ಲ” ಎಂದರು. ಗ್ಲೆನ್ ತಾಯಿಯ ಹೆಗಲಿಗೆ ಮುಖ ಒತ್ತಿ ಅತ್ತುಬಿಟ್ಟ. ಸಮಾಧಾನಕ್ಕೆ ಅತ್ತದ್ದಲ್ಲ, ಮತ್ತೆ ಮೋಸ ಮಾಡಿದೆ ಎಂದು ಅತ್ತದ್ದು. ಅದು ನನಗೆ ಗೊತ್ತಿತ್ತು, ಪ್ರೇಮಕ್ಕನಿಗೂ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಗ್ರೀನ್ ಕಾರ್ಡಿನ ಐದು ವರ್ಷ ಮುಗಿದ ಮೇಲೆ ಗ್ಲೆನ್ ಮತ್ತು ಶ್ಯಾರನ್ ಕೆನಡಾಕ್ಕೆ ಹೋದರು. ಅಲ್ಲಿ ಅವರಿಗೆ ಒಬ್ಬಳು ಮಗಳು ಹುಟ್ಟಿದಳು. ನಾನು ಇಲ್ಲಿಯೇ ಇದ್ದೇನೆ, ಕೈಗುದ್ದಲಿಯ ಜೊತೆ. ಪ್ರತಿ ಡಿಸೆಂಬರಿನಲ್ಲಿ ಗ್ಲೆನ್ ಫೋನ್ ಮಾಡಿ, “ಆಂಟಿ, ಕಲ್ಲು ಒರೆಸಿದ್ರಾ?” ಎಂದು ಕೇಳುತ್ತಾನೆ. ಹೋದ ವರ್ಷ ಪ್ರೇಮಕ್ಕ ಉಡುಪಿಯಲ್ಲಿ ತೀರಿಕೊಂಡರು. ಮಣ್ಣು ಮುಗಿಸಿದ ದಿನ ಗ್ಲೆನ್ ಅಲ್ಲಿಂದಲೇ ಫೋನ್ ಮಾಡಿದ. “ಅಮ್ಮನ ಬೈಬಲಲ್ಲಿ ಆ ಮೆಲ್ಟನ್ ಪಟ್ಟಿ ಇಲ್ಲ ಆಂಟಿ, ಎಲ್ಲ ಕಡೆ ಹುಡುಕಿದೆ. ಅದೂ ಹೋಯ್ತು. ಕೊನೆಯವರೆಗೂ ಅಮ್ಮನಿಗೆ ಸುಳ್ಳು ಹೇಳಿದೆ ನಾನು” ಎಂದು ಹೇಳಿ, ಐವತ್ತು ದಾಟಿದ ಗಂಡಸು, ಮಗುವಿನ ಹಾಗೆ ಅತ್ತ. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಮಾತು ತಡೆಯಿತು.

ಆದರೆ ನಾನು ಮಾತು ಕೊಟ್ಟದ್ದು ಹೇಳುವುದಿಲ್ಲ ಎಂದು. ಬರೆಯುವುದಿಲ್ಲ ಎಂದು ಪ್ರೇಮಕ್ಕ ನನ್ನ ಕೈಯಲ್ಲಿ ಹೇಳಿಸಿರಲಿಲ್ಲ. ಗ್ಲೆನ್ನಿಗೆ ಕನ್ನಡ ಓದಲು ಬರುತ್ತದೆ, ಮೆಲ್ಟಣ್ಣ ಕೂರಿಸಿಕೊಂಡು ಕಲಿಸಿದ ಕನ್ನಡ. ಹುಡುಕಬೇಡ ಮಾರಾಯ, ಆ ಪಟ್ಟಿ ಎಲ್ಲಿಯೂ ಹೋಗಿಲ್ಲ. ಪ್ರತಿ ವರ್ಷ ಚಳಿ ಮುಗಿದು ಹೊಸ ಗಿಡ ನೆಡುವಾಗ, ಕಲ್ಲಿನ ಬಲಗಡೆಯ ಆ ಮೂಲೆಯಲ್ಲಿ ನಾನು ಆಳಕ್ಕೆ ಅಗೆಯುವುದಿಲ್ಲ.